ಬ್ರಾಂಚ್ ಚೇಂಜ್ ಮಾಡೋಕ್ ಮುಂಚೆ ಸ್ವಲ್ಪ ತಡ್ಕೋ ತಂಗಿ

ಪಿಯುಸಿ ತನಕ ಮನೇಲಿ ಕಂಪ್ಯೂಟರೇ ಇರ್ಲಿಲ್ಲ, ಈಗ ಇಂಜಿನಿಯರಿಂಗ್ ಸಿಎಸ್ (ಕಂಪ್ಯೂಟರ್ ಸೈನ್ಸ್) ಫಸ್ಟ್ ಸೆಮ್ ಲ್ಯಾಬಲ್ಲಿ ಪಕ್ಕದ ಹುಡುಗ್ರು ಹತ್ತು ನಿಮಿಷಕ್ಕೆ ಪ್ರೋಗ್ರಾಂ ಮುಗಿಸಿ ಎದ್ದೋಗ್ತಾರೆ, ನಂಗೆ ತಲೆ ಇಲ್ವೇನೋ, ಸಿವಿಲ್‌ಗೆ ಹೋಗ್ಲಾ ಅಂತ ಕೇಳಿದೀಯ. ಬೇಡ. ಅವ್ರು ಮೊದ್ಲೇ ಶುರು ಮಾಡಿದಾರೆ, ಅಷ್ಟೇ.

ಸಮಾಧಾನಕ್ಕೆ ಹೇಳ್ತಿಲ್ಲ. ಅಮೆರಿಕದ ಕಾರ್ನೆಗಿ ಮೆಲನ್ ಯೂನಿವರ್ಸಿಟೀಲಿ 1995ರಲ್ಲಿ ಸಿಎಸ್‌ಗೆ ಸೇರೋರಲ್ಲಿ ಹುಡ್ಗೀರು ಬರೀ ಶೇ. 7, ಯಾಕೆ ಹಿಂಗೆ ಅಂತ ಕೂರಿಸ್ಕೊಂಡು ಮಾತಾಡಿಸಿದಾಗ ಗೊತ್ತಾಗಿದ್ದು ಇದೇ, ಹುಡುಗ್ರು ಚಿಕ್ಕೋರಿದ್ದಾಗಿಂದ ಕಂಪ್ಯೂಟರ್ ಜೊತೆ ಆಡ್ಕೊಂಡು ಬಂದಿರ್ತಾರೆ, ಅದನ್ನ ನೋಡಿ ಹುಡ್ಗೀರು ನಮ್ ಕೈಲಾಗಲ್ಲ ಅನ್ಕೋತಾರೆ. ಹಳೇ ಕೋಡಿಂಗ್ ಅನುಭವ ನೋಡಿ ಸೀಟ್ ಕೊಡೋದು ನಿಲ್ಸಿದ್ರು, ಗೊತ್ತಿಲ್ದೋರಿಗೆ ಬೇರೆ ಕ್ಲಾಸಿಂದ ಶುರು ಮಾಡ್ಸಿದ್ರು, 2000ಕ್ಕೆ ಶೇ. 42 ಆಯ್ತು.

ನಾನೂ ಕನ್ನಡ ಮೀಡಿಯಂ ಕಣಮ್ಮ. ಸಿ ಭಾಷೇಲಿ ಇನ್‌ಪುಟ್ ತಗೊಳ್ಳೋ ಸ್ಕ್ಯಾನ್‌ಎಫ್ ಒಳಗೆ ಆಂಪರ್ಸೆಂಡ್ (& ಚಿಹ್ನೆ) ಹಾಕೋದು ಮರೆತು, ಪ್ರೋಗ್ರಾಂ ಅರ್ಧಕ್ಕೇ ನಿಂತು 'ಸೆಗ್ಮೆಂಟೇಷನ್ ಫಾಲ್ಟ್' ಅಂತ ಎರರ್ ಬಂದಾಗ ಸಿಸ್ಟಮ್ಮೇ ಹಾಳಾಯ್ತು ಅಂತ ಹೆದ್ರಿ ಮಾನಿಟರ್ ಆಫ್ ಮಾಡಿ ಕೂತಿದ್ದೆ (ಸಿಪಿಯು ಪಾಡಿಗೆ ಅದು ಓಡ್ತಾನೇ ಇತ್ತು). ಈಗ 9 ವರ್ಷದಿಂದ ಬ್ಯಾಕೆಂಡ್ (ಸರ್ವರ್ ಕಡೆ ಕೋಡ್ ಬರೆಯೋ) ಕೆಲ್ಸಾನೇ ಮಾಡ್ತಿರೋದು.

ಲ್ಯಾಬ್ ಪ್ರೋಗ್ರಾಂ ಬೈಹಾರ್ಟ್ ಮಾಡ್ಬೇಡ, ಹಿಂದಿನ್ ದಿನ ಹಾಳೆ ಮೇಲೆ ಲೂಪ್ (ಮತ್ತೆ ಮತ್ತೆ ಓಡೋ ಕೋಡ್) ಒಂದೊಂದ್ ಸುತ್ತಿಗೂ 'i' ಎಷ್ಟಾಯ್ತು 'sum' ಎಷ್ಟಾಯ್ತು ಅಂತ ವೇರಿಯಬಲ್ ಬೆಲೆ ಬರ್ಕೊಂಡ್ ನೋಡು. ಇನ್ನೊಂದು, ಕೀಬೋರ್ಡ್ ಪಾರ್ಟ್ನರ್ ಕೈಗೆ ಕೊಟ್ಟು ನೀನು ರೆಕಾರ್ಡ್ ಬರೆಯೋಕ್ ಕೂರ್ಬೇಡ, ನಮ್ ಬ್ಯಾಚಲ್ಲಿ ಹುಡ್ಗೀರೆಲ್ಲ ಮಾಡಿದ್ದು ಅದೇ, ಅಕ್ಷರ ಚೆನ್ನಾಗಿದೆ ಅಂತ ಹೊಗಳಿಸ್ಕೊಂಡಿದ್ದೇ ಬಂತು. ಲ್ಯಾಪ್‌ಟಾಪ್ ಇಲ್ಲಾಂದ್ರೆ ಫೋನಲ್ಲೇ ಆನ್‌ಲೈನ್ ಕಂಪೈಲರ್ (ಬ್ರೌಸರಲ್ಲೇ ಕೋಡ್ ಓಡಿಸೋ ಸೈಟ್) ಓಡುತ್ತೆ, ಬ್ರಾಕೆಟ್ ಟೈಪ್ ಮಾಡೋದು ಹಿಂಸೆ, ಆದ್ರೂ ನಡಿಯುತ್ತೆ. ಮುಂದೆ ಪಾಯಿಂಟರ್ (ಮೆಮೊರಿ ಅಡ್ರೆಸ್ ಇಟ್ಕೊಳ್ಳೋ ವೇರಿಯಬಲ್) ಪಾಠ ಬಂದಾಗ ಅರ್ಥ ಆಗ್ಲಿಲ್ಲ ಅಂದ್ರೆ ಇಲ್ಲೇ ಕೇಳು.