ನಡೆದರೆ ದುಡ್ಡು ವಾಪಸ್ ಕೊಡಬೇಕಾ?

(ಗುರುತು ಸಿಗದಂತೆ ವಯಸ್ಸು, ಉದ್ಯೋಗ, ಮೊತ್ತಗಳನ್ನು ಬದಲಿಸಿದೆ.)

ನಮ್ಮಲ್ಲಿಗೆ ಸಲಹೆಗೆ ಬಂದವರು ಮುಂಬಯಿಯ ಫೋರ್ಟ್‌ನ ಕಚೇರಿಯೊಂದರಲ್ಲಿ ಲೆಕ್ಕಪತ್ರ ನೋಡುವ 43 ವರ್ಷದ ಮಹಿಳೆ. ತವರು ಕುಂದಾಪುರದ ಹತ್ತಿರ, ಮನೆ ಡೊಂಬಿವಲಿ ಕಡೆ. ಗಂಡ ಹೋಟೆಲಿನಲ್ಲಿ ಮ್ಯಾನೇಜರ್, ರಾತ್ರಿ ಮನೆ ಸೇರುವಾಗ ಹನ್ನೊಂದು ದಾಟಿರುತ್ತದೆ. ಜೊತೆಗೆ ಅತ್ತೆ, ಹತ್ತನೇ ತರಗತಿಯ ಮಗ. ಮೂರು ವಾರದಿಂದ ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗುತ್ತದೆ, ಎದೆ ಡವಡವ ಹೊಡೆದುಕೊಳ್ಳುತ್ತದೆ ಎಂಬುದು ಅವರು ಹೇಳಿಕೊಂಡ ತೊಂದರೆ. ಎಡಗಾಲನ್ನು ಸ್ವಲ್ಪ ಎಳೆದು ನಡೆಯುತ್ತಿದ್ದರು. ಅದರ ಬಗ್ಗೆ ಕೇಳುವವರೆಗೆ ಏನೂ ಹೇಳಲಿಲ್ಲ.

ಜನವರಿಯ ಮೂರನೇ ಭಾನುವಾರ ನಡೆಯುವ ಮುಂಬಯಿ ಮ್ಯಾರಥಾನ್‌ನಲ್ಲಿ ಡ್ರೀಮ್ ರನ್ ಎಂಬ ವಿಭಾಗವಿದೆ. 2004ರಲ್ಲಿ ಶುರುವಾದ ಈ ಮ್ಯಾರಥಾನ್‌ನಲ್ಲಿ ಸಾಮಾನ್ಯ ಜನ ಅತಿ ಹೆಚ್ಚು ಸೇರುವುದು ಇದಕ್ಕೇ. ದೂರ ಆರು ಕಿ.ಮೀ.ಗೆ ತುಸು ಕಡಿಮೆ, ಸಿಎಸ್‌ಎಂಟಿ ರೈಲು ನಿಲ್ದಾಣದ ಬಳಿಯಿಂದ ಶುರು, ಸಮಯ ದಾಖಲಿಸುವುದಿಲ್ಲ, ಗೆದ್ದವರು ಸೋತವರು ಇಲ್ಲ. ಓಡುವವರು, ನಡೆಯುವವರು, ವೇಷ ಹಾಕಿ ಕುಣಿಯುವವರು ಎಲ್ಲ ಇದರಲ್ಲೇ. ಬಹಳ ಮಂದಿ ಯಾವುದಾದರೂ ಸೇವಾಸಂಸ್ಥೆಯ ಹೆಸರಿನಲ್ಲಿ ದುಡ್ಡು ಎತ್ತಿಕೊಟ್ಟು ಬಿಬ್, ಅಂದರೆ ಓಟಗಾರರು ಎದೆಗೆ ಚುಚ್ಚಿಕೊಳ್ಳುವ ನಂಬರ್ ಚೀಟಿ, ಪಡೆಯುತ್ತಾರೆ. ಇವರೂ ಕಚೇರಿಯ ಗೆಳತಿಯರ ಜೊತೆ ಮಕ್ಕಳ ಶಿಕ್ಷಣದ ಒಂದು ಸಂಸ್ಥೆಗಾಗಿ ಹೆಸರು ಕೊಟ್ಟು, ಆನ್‌ಲೈನ್ ಪುಟದಲ್ಲಿ 25,000 ರೂಪಾಯಿ ಗುರಿ ಬರೆದಿದ್ದರು.

ಮೊದಲ ಭೇಟಿಯಲ್ಲೇ ಪರ್ಸ್‌ನಿಂದ ಹಳೆಯ ಲೈಟ್ ಬಿಲ್ ಒಂದನ್ನು ತೆಗೆದು ಬಿಡಿಸಿದರು. ಹಿಂಬದಿಯಲ್ಲಿ 31 ಹೆಸರು, ಎದುರಿಗೆ ಕೊಡುತ್ತೇನೆಂದ ಮೊತ್ತ, ಬಂದದ್ದಕ್ಕೆ ಟಿಕ್. ಟಿಕ್ ಇದ್ದದ್ದು ಒಂಬತ್ತಕ್ಕೆ. ಉಳಿದ ಹೆಸರುಗಳ ಕೆಳಗೆ ಪೆನ್ನಿನಿಂದ ಗೆರೆಯ ಮೇಲೆ ಗೆರೆ ಎಳೆದು ಕಾಗದ ಹರಿಯುವ ಹಾಗಾಗಿತ್ತು. ಕೈಸೇರಿದ್ದು 9,500. ಕೊರತೆ ತುಂಬಿಸಲು ಗಂಡನಿಗೆ ತಿಳಿಸದೆ ತಮ್ಮ ಆರ್‌ಡಿ (ತಿಂಗಳು ತಿಂಗಳು ಕಟ್ಟುವ ಠೇವಣಿ) ಮುರಿದು 8,000 ಹಾಕಿದ್ದರು. ಇಷ್ಟನ್ನೂ ಹೇಳಿ ಅವರು ಕೇಳಿದ ಪ್ರಶ್ನೆ: "ನಾನು ಪೂರ್ತಿ ಓಡ್ಲಿಕ್ಕಾಗದೆ ನಡುವೆ ನಡೆದ್ರೆ, ಇವರಿಗೆಲ್ಲ ದುಡ್ಡು ವಾಪಸ್ ಕೊಡ್ಬೇಕಾಗ್ತದಾ?"

ಇಡೀ ಪ್ರಕರಣ ಈ ಪ್ರಶ್ನೆಯಲ್ಲಿತ್ತು. ದೇಣಿಗೆ ಅವರ ಮನಸ್ಸಿನಲ್ಲಿ ಸಾಲವಾಗಿತ್ತು, ಓಟ ಅದರ ಬಡ್ಡಿಯಾಗಿತ್ತು. ಬಡ್ಡಿ ತೀರಿಸಲೆಂದೇ ವ್ಯಾಯಾಮದ ಅಭ್ಯಾಸವೇ ಇಲ್ಲದ ಮೈಯನ್ನು ಹದಿನೈದು ದಿನ, ಒಂದು ದಿನವೂ ಬಿಡದೆ, ಪೇವರ್ ಬ್ಲಾಕ್ ಹಾಸಿದ ಸೊಸೈಟಿ ಅಂಗಳದಲ್ಲಿ ಉಸಿರು ಕಟ್ಟುವಷ್ಟು ಓಡಿಸಿದ್ದರು.

ಎದೆಬಡಿತವನ್ನು ಆತಂಕ ಎಂದು ಬರೆದುಕೊಂಡು ಮುಂದೆ ಹೋಗಬಹುದಿತ್ತು. ಅದು ತಪ್ಪಾಗುತ್ತಿತ್ತು. ನಲವತ್ತು ದಾಟಿದ, ವರ್ಷಗಟ್ಟಲೆ ಕೂತು ಕೆಲಸ ಮಾಡಿದವರು ಓಟ ಶುರು ಮಾಡುವ ಮೊದಲು ಬಿಪಿ, ಸಕ್ಕರೆ, ಹಿಮೋಗ್ಲೋಬಿನ್ ನೋಡಿಸಬೇಕು. ಇಸಿಜಿ ಬೇಕೋ ಎಂಬುದನ್ನು ವೈದ್ಯರು ಹೇಳುತ್ತಾರೆ. ಇವರ ಹಿಮೋಗ್ಲೋಬಿನ್ 10.4 ಇತ್ತು. ಹೆಂಗಸರಲ್ಲಿ ಅದು 12ಕ್ಕಿಂತ ಕೆಳಗಿಳಿದರೆ ರಕ್ತಹೀನತೆ; ಮೆಟ್ಟಿಲು ಹತ್ತಿದರೂ ಎದೆ ಹೊಡೆದುಕೊಳ್ಳುತ್ತದೆ, ಏದುಸಿರು ಬರುತ್ತದೆ. ವೈದ್ಯರು ಕಬ್ಬಿಣದ ಮಾತ್ರೆ ಕೊಟ್ಟು, ಮೆಲ್ಲಗೆ ಅಭ್ಯಾಸ ಮಾಡಲು ಅಡ್ಡಿಯಿಲ್ಲ ಎಂದರು. ಮಾತ್ರೆಯ ಹಿಂದೆ ಮುಂದೆ ಒಂದು ತಾಸು ಚಹಾ ಬೇಡವೆಂದು ನೆನಪಿಸಿದೆವು, ಚಹಾ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ತನ್ನ ಏದುಸಿರಿಗೆ ಸೋಮಾರಿತನ ಕಾರಣವಲ್ಲ ಎಂದು ತಿಳಿದದ್ದೇ ಅವರಿಗೆ ಅರ್ಧ ಸಮಾಧಾನ ತಂದಿತು.

ಕಾಲಿನ ನೋವನ್ನೂ ವೈದ್ಯರೇ ಒತ್ತಿ ನೋಡಿದರು. ಕಣಕಾಲಿನ ಮೂಳೆಯ ಒಳಅಂಚಿನಲ್ಲಿ ಗೇಣುದ್ದಕ್ಕೂ ಹರಡಿದ ನೋವಾದರೆ ಅದು ಸಾಮಾನ್ಯವಾಗಿ ಒಮ್ಮೆಲೇ ಹೆಚ್ಚು ಓಡಿದ್ದರ ಫಲ, ವಿಶ್ರಾಂತಿಗೆ ಇಳಿಯುತ್ತದೆ. ಒಂದೇ ಬೆರಳಿಟ್ಟು ಇಲ್ಲೇ ಎಂದು ತೋರಿಸುವಂತಿದ್ದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ, ಮೂಳೆಯಲ್ಲಿ ಸಣ್ಣ ಬಿರುಕಿರಬಹುದು. ಆಗ ಓಟ ಪೂರ್ತಿ ನಿಲ್ಲಿಸಿ ಮೂಳೆ ವೈದ್ಯರನ್ನು ಕಾಣಲೇಬೇಕು. ಇವರದು ಮೊದಲ ಬಗೆ. ಒಂದು ವಾರ ಬರೀ ನಡಿಗೆ, ಹಗಲಿಗೆರಡು ಸಲ ಹತ್ತು ಹದಿನೈದು ನಿಮಿಷ ಬಟ್ಟೆಯಲ್ಲಿ ಸುತ್ತಿದ ಐಸ್.

ಓಟಕ್ಕೆ ಏಳು ವಾರ ಇತ್ತು. ವಿಶ್ರಾಂತಿಯ ವಾರ ಕಳೆದು ಉಳಿದ ಆರು ವಾರಕ್ಕೆ ಯೋಜನೆ ಹಾಕಿದೆವು. ವಾರಕ್ಕೆ ಮೂರೇ ದಿನ, ನಡುವೆ ಒಂದು ದಿನವಾದರೂ ಬಿಡುವು, ಏಕೆಂದರೆ ಮೂಳೆ ಮತ್ತು ಸ್ನಾಯುರಜ್ಜು ಗಟ್ಟಿಯಾಗುವುದು ಬಿಡುವಿನಲ್ಲೇ. ಪ್ರತಿ ಸಲ ಐದು ನಿಮಿಷ ಚುರುಕು ನಡಿಗೆಯಿಂದ ಶುರು, ಐದು ನಿಮಿಷ ನಿಧಾನ ನಡಿಗೆಯಿಂದ ಮುಕ್ತಾಯ. ಮೊದಲೆರಡು ವಾರ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಎಂಟು ಸುತ್ತು. ಮೂರು, ನಾಲ್ಕನೇ ವಾರ ಎರಡಕ್ಕೆ ಎರಡು, ಆರು ಸುತ್ತು. ಐದನೇ ವಾರ ಮೂರಕ್ಕೆ ಎರಡು, ಆರು ಸುತ್ತು. ಆ ವಾರದ ಭಾನುವಾರ ಮಾತ್ರ ದಾದರ್‌ನ ಶಿವಾಜಿ ಪಾರ್ಕ್ ಕಟ್ಟೆಯ ಸುತ್ತ ಐದು ಕಿ.ಮೀ., ಗಡಿಯಾರ ನೋಡದೆ. ಕೊನೆಯ ವಾರ ಇಪ್ಪತ್ತು ಇಪ್ಪತ್ತು ನಿಮಿಷದ ಎರಡು ಸಲ ಅಷ್ಟೇ, ಗುರುವಾರದ ನಂತರ ಓಟವಿಲ್ಲ. ಕಡೇ ವಾರದಲ್ಲಿ ಓಡಿದ್ದು ಬಲ ಕೊಡುವುದಿಲ್ಲ, ದಣಿವನ್ನು ಕೊಡುತ್ತದೆ.

ವೇಗದ ಅಳತೆ ಮಾತು. ಓಡುವಾಗ ಒಂದು ಪೂರ್ತಿ ವಾಕ್ಯ ತಡವರಿಸದೆ ಹೇಳಲು ಬರಬೇಕು. "ಇವತ್ತು ಮಗನಿಗೆ ನೀರುದೋಸೆ ಮಾಡಿ ಟಿಫಿನ್ ಕಟ್ಟಬೇಕು" ಎಂಬ ಸಾಲನ್ನು ಅವರೇ ಆರಿಸಿಕೊಂಡರು. ನೀರುದೋಸೆಗೇ ಉಸಿರು ತುಂಡಾದರೆ ವೇಗ ಜಾಸ್ತಿ. ಹೆಜ್ಜೆ ಚಿಕ್ಕದಿರಲಿ, ಪಾದ ಮೈಯ ಕೆಳಗೇ ಬೀಳಲಿ. ಕಾಲನ್ನು ಮುಂದಕ್ಕೆ ಚಾಚಿ ಹಿಮ್ಮಡಿ ಕುಟ್ಟಿದರೆ ಆ ಪೆಟ್ಟು ನೇರ ಕಣಕಾಲಿಗೆ ಹೋಗುತ್ತದೆ. ಪೇವರ್ ಬ್ಲಾಕ್ ಬಿಟ್ಟು ಬೆಳಗಿನ ಖಾಲಿ ಡಾಂಬರು ರಸ್ತೆಗೆ ಹೋಗಲು ಹೇಳಿದೆವು.

ಅವರು ಹಾಕುತ್ತಿದ್ದದ್ದು ಮಗನ ಹಳೆಯ ಕ್ಯಾನ್ವಾಸ್ ಶೂ. ಓಟದ ಶೂವನ್ನು ಸಂಜೆ ಹೊತ್ತು ಕೊಳ್ಳಬೇಕು, ಆಗ ಪಾದ ಊದಿರುತ್ತದೆ. ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಿನಗಲ ಜಾಗ ಇರಬೇಕು. ಕಾಟನ್ ಕಾಲುಚೀಲ ಬೆವರು ಹೀರಿ ಬೊಕ್ಕೆ ಎಬ್ಬಿಸುತ್ತದೆ, ಸಿಂಥೆಟಿಕ್ ಒಳ್ಳೆಯದು. ಹೆಂಗಸರಿಗೆ ಶೂವಿನಷ್ಟೇ ಮುಖ್ಯ ಸರಿಯಾದ ಸ್ಪೋರ್ಟ್ಸ್ ಬ್ರಾ. ಅಂಗಡಿಯಲ್ಲಿ ಕೇಳಲು ಸಂಕೋಚ ಪಟ್ಟು ಅದಿಲ್ಲದೆ ಓಡಿ, ನೋವು ತಿಂದು ಓಟವನ್ನೇ ಬಿಟ್ಟವರಿದ್ದಾರೆ. ಹಾಕಿಕೊಂಡು ಜಿಗಿದು ನೋಡಿ ಕೊಳ್ಳಿ ಎಂದೆವು. "ಈ ವಯಸ್ಸಿಗೆ ಪ್ಯಾಂಟ್ ಹಾಕಿ ರಸ್ತೇಲಿ ಓಡುದಾ?" ಎಂದು ಅತ್ತೆ ಕೇಳಿದ್ದರಂತೆ. ಲೆಗ್ಗಿಂಗ್ಸ್ ಮೇಲೆ ಮೊಣಕಾಲಿಗೆ ಬರುವ ತೆಳು ಕುರ್ತಾ ಹಾಕಿಯೂ ಓಡಬಹುದು, ಓಟಕ್ಕೇನೂ ತೊಂದರೆ ಇಲ್ಲ. ಆ ಜಗಳ ಅಲ್ಲಿಗೇ ಮುಗಿಯಿತು.

ದುಡ್ಡಿನ ವಿಷಯ ಇಷ್ಟು ಬೇಗ ಮುಗಿಯಲಿಲ್ಲ. ಎರಡನೇ ಭೇಟಿಗೆ ಮೊದಲು ಅವರಿಗೆ ಒಂದೇ ಮನೆಗೆಲಸ ಕೊಟ್ಟಿದ್ದೆವು: ಬಿಬ್‌ಗೆ ಬೇಕಾದ ಕನಿಷ್ಠ ಮೊತ್ತ ಎಷ್ಟು, ಕಡಿಮೆಯಾದರೆ ಏನಾಗುತ್ತದೆ ಎಂದು ಸಂಸ್ಥೆಗೆ ಇಮೇಲ್ ಬರೆದು ಕೇಳಿ, ಬಾಯಿಮಾತಿನಲ್ಲಿ ಬೇಡ. ಉತ್ತರ ಬಂತು. ಕನಿಷ್ಠ 10,000. ಇಪ್ಪತ್ತೈದು ಸಾವಿರವನ್ನು ಯಾರೂ ಕೇಳಿರಲಿಲ್ಲ, ಗೆಳತಿಯ ಪುಟ ನೋಡಿ ಅವರೇ ಬರೆದ ಅಂಕಿ ಅದು. ಆ ಇಮೇಲನ್ನು ಎರಡು ಸಲ ಜೋರಾಗಿ ಓದಿದರು, ಆಮೇಲೆ ತುಂಬ ಹೊತ್ತು ಅತ್ತರು. ಅಳು ನಿಲ್ಲಿಸಲು ಹೋಗಲಿಲ್ಲ.

ಆಮೇಲೆ ಮಾತು ಎರಡು ಖಾತೆಗಳ ಮೇಲೆ ನಡೆಯಿತು. ಲೆಕ್ಕ ಬರೆಯುವವರಿಗೆ ಇದು ಬೇಗ ಹಿಡಿಯಿತು. ಕೊಟ್ಟವರು ಕೊಟ್ಟದ್ದು ಮಕ್ಕಳ ಓದಿಗೆ. ಅದು ಸಂಸ್ಥೆಯ ಖಾತೆ, ರಸೀದಿ ಬಂದಲ್ಲಿಗೆ ಚುಕ್ತಾ. ಓಟ ಅವರ ಸ್ವಂತ ಖಾತೆ, ಅಲ್ಲಿ ಯಾರಿಗೂ ಬಾಕಿ ಇಲ್ಲ. ನಡೆದರೂ, ಅರ್ಧಕ್ಕೆ ನಿಂತರೂ, ಅವತ್ತು ಜ್ವರ ಬಂದು ಹೋಗದಿದ್ದರೂ ಮೊದಲ ಖಾತೆಯಲ್ಲಿ ಒಂದು ಪೈಸೆ ಬದಲಾಗುವುದಿಲ್ಲ.

ಕೊಡದ 22 ಮಂದಿಗೆ ಒಂದೇ ಒಂದು ನೆನಪೋಲೆ. ಗುಂಪಿನಲ್ಲಲ್ಲ, ಒಬ್ಬೊಬ್ಬರಿಗೆ ಬೇರೆ ಬೇರೆ, ಮೊತ್ತದ ಮಾತೆತ್ತದೆ. ಕೂತು ಬರೆದದ್ದು ಇಷ್ಟು: "ಅಕ್ಕಾ, ಮಕ್ಕಳ ಓದಿಗಾಗಿ ಜನವರಿಯಲ್ಲಿ ಓಡ್ತಾ ಇದ್ದೇನೆ. ಅನುಕೂಲ ಇದ್ದರೆ ಈ ಕೊಂಡಿಯಲ್ಲಿ ನೇರ ಸಂಸ್ಥೆಗೇ ಹಾಕಬಹುದು, ನೂರಾದ್ರೂ ಸಂತೋಷ. ಈಗ ಆಗದಿದ್ರೆ ಖಂಡಿತ ಬೇಸರ ಇಲ್ಲ." ಹತ್ತು ದಿನದಲ್ಲಿ ಆರು ಮಂದಿ 5,200 ಹಾಕಿದರು. ಉಳಿದವರ ಹೆಸರನ್ನು ಚೀಟಿಯಿಂದ ಹೊಡೆದುಹಾಕಲು ಹೇಳಿದೆವು. ಎರಡನೇ ಸಲ ಕೇಳಿದರೆ ಮುಂದಿನ ಮದುವೆ ಮುಂಜಿಯಲ್ಲಿ ಇಬ್ಬರೂ ಮುಖ ತಪ್ಪಿಸುವ ಹಾಗಾಗುತ್ತದೆ, ಆ ನಷ್ಟ ದೊಡ್ಡದು.

ನೇರ ಸಂಸ್ಥೆಗೆ ಎಂದದ್ದಕ್ಕೆ ಕಾರಣವಿದೆ. ಮೊದಲು ಮೂವರು ಇವರ ಜಿಪೇಗೆ ಹಾಕಿದ್ದರು, ಇವರು ಅದನ್ನು ಸಂಸ್ಥೆಗೆ ದಾಟಿಸಿದ್ದರು. ರಸೀದಿ ಇವರ ಹೆಸರಿಗೆ ಬಂತು, ಒಬ್ಬ ಭಾವ ರಸೀದಿ ಕೇಳಿದಾಗ ತಬ್ಬಿಬ್ಬಾದರು. ದೇಣಿಗೆಗೆ ಸಿಗುವ ಆದಾಯ ತೆರಿಗೆ ರಿಯಾಯಿತಿಯ ಆಸೆಯನ್ನೂ ಯಾರಿಗೂ ತೋರಿಸಬಾರದು: ತೆರಿಗೆಯ ಹೊಸ ಪದ್ಧತಿ ಆರಿಸಿಕೊಂಡವರಿಗೆ ಅದು ಸಿಗುವುದಿಲ್ಲ, 2,000 ರೂಪಾಯಿ ಮೀರಿ ನಗದಾಗಿ ಕೊಟ್ಟದ್ದಕ್ಕೂ ಇಲ್ಲ.

ಇನ್ನು ಉಳಿದದ್ದು ಆರ್‌ಡಿಯ ಎಂಟು ಸಾವಿರದ ಮಾತು. ಅದನ್ನು ವಾಪಸ್ ಕೇಳುವುದು ಸಾಧ್ಯವಿರಲಿಲ್ಲ, ಅವರಿಗೆ ಇಷ್ಟವೂ ಇರಲಿಲ್ಲ. ಗಂಡನಿಗೆ ಹೇಳುವುದೊಂದೇ ದಾರಿ. ರಾತ್ರಿ ಹನ್ನೊಂದಕ್ಕೆ ದಣಿದು ಬಂದವರ ಹತ್ತಿರ ಬೇಡ, ಅವರ ರಜೆಯ ದಿನ, ಅತ್ತೆ ಇಲ್ಲದಾಗ, ಮೊದಲು ಮೊತ್ತ, ಆಮೇಲೆ ಕಾರಣ, ಪೀಠಿಕೆ ಬೇಡ. ಪೀಠಿಕೆ ಉದ್ದವಾದಷ್ಟೂ ಕೇಳುವವರು ಇನ್ನೂ ದೊಡ್ಡದೇನೋ ಇದೆ ಎಂದು ಹೆದರುತ್ತಾರೆ. "ಮೊದ್ಲೇ ಹೇಳ್ಬಹುದಿತ್ತಲ್ಲ ಮಾರಾಯ್ತಿ" ಎಂದರಂತೆ ಗಂಡ, ಅರ್ಧ ದಿನ ಮುಖ ಊದಿಸಿಕೊಂಡೂ ಇದ್ದರಂತೆ. ಆ ರಾತ್ರಿ ಇವರು ಬೆಳಗಿನ ಐದರವರೆಗೆ ನಡುವೆ ಎಚ್ಚರವಾಗದೆ ಮಲಗಿದರು.

ಕೊನೆಯ ಭೇಟಿ ಓಟದ ದಿನದ ಸಿದ್ಧತೆಗೆ. ಬಿಬ್ ಆ ದಿನ ಬೆಳಗ್ಗೆ ಕೊಡುವುದಿಲ್ಲ, ಗುರುತುಚೀಟಿ ಹಿಡಿದು ಮೊದಲೇ ಹೋಗಿ ತರಬೇಕು. ಹಿಂಬದಿಯಲ್ಲಿ ರಕ್ತದ ಗುಂಪು, ಮನೆಯವರ ನಂಬರ್ ಬರೆದು, ನಾಲ್ಕು ಮೂಲೆಗೂ ಪಿನ್ ಚುಚ್ಚಿ ರಾತ್ರಿಯೇ ಟೀಶರ್ಟಿಗೆ ಹಾಕಿಡಬೇಕು. ಶೂ, ಬಟ್ಟೆ ಯಾವುದೂ ಹೊಸದು ಬೇಡ. ಹೊರಡುವ ಎರಡು ತಾಸು ಮೊದಲು ಎರಡು ಇಡ್ಲಿ ಅಥವಾ ಒಂದು ಬಾಳೆಹಣ್ಣು, ಸಾಂಬಾರ್ ಬೇಡ, ಎರಡು ಲೋಟ ನೀರು. ದಾರಿಯಲ್ಲಿ ಬಾಯಾರಿದಷ್ಟೇ ಗುಟುಕು, ಆರು ಕಿ.ಮೀ.ಗೆ ಬಾಟಲಿಗಟ್ಟಲೆ ಕುಡಿದರೆ ಹೊಟ್ಟೆ ಕುಲುಕುತ್ತದೆ. ಡ್ರೀಮ್ ರನ್ ಬಿಡುವುದು ದೂರದ ಓಟಗಳು ಹೊರಟ ಮೇಲೆ, ಅಷ್ಟರಲ್ಲಿ ಬಿಸಿಲೇರಿರುತ್ತದೆ, ಟೋಪಿ ಬೇಕು. ಶುರುವಿನಲ್ಲಿ ಕಿಕ್ಕಿರಿದ ಜನ, ಓಡಲು ಜಾಗವೇ ಇರುವುದಿಲ್ಲ. ನುಗ್ಗಬೇಡಿ, ಎಡಬದಿ ಹಿಡಿದು ನಡೆಯಿರಿ. ನಡಿಗೆಗೆ ಇಳಿಯುವಾಗ ಕೈಯೆತ್ತಿ ಬದಿಗೆ ಸರಿಯಿರಿ, ಗಕ್ಕನೆ ನಿಂತರೆ ಹಿಂದಿನವರು ಮೈಮೇಲೆ ಬೀಳುತ್ತಾರೆ. ಭಾನುವಾರದ ಮೆಗಾಬ್ಲಾಕ್ (ಹಳಿ ದುರಸ್ತಿಗೆ ಲೋಕಲ್ ರೈಲು ನಿಲ್ಲಿಸುವುದು) ಹೊತ್ತನ್ನು ಹಿಂದಿನ ದಿನವೇ ನೋಡಿಟ್ಟುಕೊಳ್ಳಿ, ಇಲ್ಲವಾದರೆ ಡೊಂಬಿವಲಿಗೆ ವಾಪಸ್ ಬರುವುದೇ ಎರಡನೇ ಓಟವಾಗುತ್ತದೆ.

ನಿಲ್ಲಬೇಕಾದ ಲಕ್ಷಣಗಳನ್ನು ಅವರ ಬಾಯಲ್ಲೇ ಹೇಳಿಸಿದೆವು: ಎದೆ ಬಿಗಿತ, ದವಡೆಗೋ ತೋಳಿಗೋ ಹರಿಯುವ ನೋವು, ಕಣ್ಣು ಕತ್ತಲೆ, ತಣ್ಣನೆ ಬೆವರು. ಇದರಲ್ಲಿ ಒಂದು ಕಂಡರೂ ಅಲ್ಲೇ ನಿಂತು ಸ್ವಯಂಸೇವಕರನ್ನು ಕರೆಯಬೇಕು, ಆಂಬುಲೆನ್ಸ್‌ಗೆ 108.

ಓಟ ಮುಗಿಸಿ ಮಾರನೇ ವಾರ ಬಂದರು. ಒಂದು ತಾಸು ಹತ್ತು ನಿಮಿಷ ಹಿಡಿದಿತ್ತು, ಅರ್ಧಕ್ಕಿಂತ ಹೆಚ್ಚು ನಡಿಗೆ. ಕಾಲು ನೋಯಲಿಲ್ಲ. ಹಿಮೋಗ್ಲೋಬಿನ್ 11.6ಕ್ಕೆ ಏರಿದೆ, ಮಾತ್ರೆ ಇನ್ನೂ ಮುಂದುವರಿಯಬೇಕು. ಬರುವ ವರ್ಷಕ್ಕೂ ಹೆಸರು ಕೊಡುತ್ತಾರಂತೆ, ಗುರಿಯ ಜಾಗದಲ್ಲಿ ಹತ್ತು ಸಾವಿರ ಎಂದೇ ಬರೆಯುತ್ತಾರಂತೆ.