ಅರಳು ಮರಳು ಅಂದರೆ ಹುಚ್ಚು ಅಂತ ಅರ್ಥವೇ?

ಕಾಫಿ ಕುಡಿದು ಲೋಟ ಕೆಳಗಿಟ್ಟ ಮೇಲೂ "ನಂಗೆ ಕಾಫಿ ಕೊಡಲಿಲ್ಲ" ಅನ್ನುವುದು, ಹೊತ್ತು ಮುಳುಗಿದರೆ ತವರಿಗೆ ಹೋಗಬೇಕು ಅಂತ ಹಟ ಹಿಡಿಯುವುದು. ಸಾಗರದ ನಿಮ್ಮ ಅಜ್ಜಿ ಹೀಗೆ ಆಡುತ್ತಾರೆ ಅಂತ ಬರೆದಿದ್ದೀರಿ. ನೆಂಟರು ಅದಕ್ಕೆ "ಅರಳು ಮರಳು" ಅಂದರು, ಅದು ಬೈಗುಳವಾ, ಹುಚ್ಚು ಅಂತ ಅರ್ಥವಾ ಎಂದು ಕೇಳಿದ್ದೀರಿ.

ಎರಡೂ ಅಲ್ಲ. ವಯಸ್ಸಾದವರ ಬುದ್ಧಿ ಮೊದಲಿನ ಹಾಗೆ ಓಡದೆ, ಮಾತು ನಡತೆ ಹೆಚ್ಚುಕಡಿಮೆ ಆದಾಗ ಹಾಗೆ ಹೇಳುತ್ತಾರೆ. "ಅರವತ್ತಕ್ಕೆ ಅರಳು ಮರಳು" ಅನ್ನುವ ಗಾದೆಯೂ ಇದೆ. ಹುಚ್ಚು ಅನ್ನುವುದನ್ನು ಯಾವ ವಯಸ್ಸಿನವರಿಗೂ ಹೇಳುತ್ತಾರೆ, ಕ್ರಿಕೆಟ್ ಹುಚ್ಚು ಅಂತಲೂ ಅಂತಾರೆ. ಇಪ್ಪತ್ತರ ಹುಡುಗನಿಗೆ ಅರಳು ಮರಳು ಅಂದರೆ ಅದು ತಮಾಷೆ. ಹಾಗಾಗಿ ನಿಮ್ಮ ನೆಂಟರು ಅವಮಾನ ಮಾಡಬೇಕು ಅಂತ ಹೇಳಿರಲಿಕ್ಕಿಲ್ಲ.

ನನಗೆ ಬೇಜಾರಾಗುವುದು ಬೇರೆ ಕಾರಣಕ್ಕೆ. ಹಾಗಂದ ಕೂಡಲೇ ಮನೆಯವರು ಸುಮ್ಮನಾಗಿಬಿಡುತ್ತಾರೆ. ವಯಸ್ಸಾಯ್ತಲ್ಲ, ಇನ್ನೇನು ಮಾಡೋದು ಅಂತ. ವಯಸ್ಸಾದವರಿಗೆಲ್ಲ ಹೀಗಾಗುವುದಿಲ್ಲ. ಇದರ ಹಿಂದೆ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ ಇರಬಹುದು. ವಿಟಮಿನ್ ಬಿ12 ಕೊರತೆ ಅಥವಾ ಥೈರಾಯ್ಡ್ ತೊಂದರೆಯಿಂದಲೂ ಹೀಗಾಗುವುದುಂಟು. ಅವಕ್ಕೆ ಔಷಧಿ ಇದೆ. ಒಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ.

ತೀರ್ಥಹಳ್ಳಿಯಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿಗೆ ಮೊಮ್ಮಗನ ಹೆಸರೇ ನೆನಪಿಗೆ ಬರುತ್ತಿರಲಿಲ್ಲ. ಆದರೆ ಕವಳದ ತಟ್ಟೆ ಮುಂದಿಟ್ಟರೆ ಎಲೆಯ ತೊಟ್ಟು ಮುರಿದು, ಹಿಂಬದಿ ಒರೆಸಿ, ಹದವಾಗಿ ಸುಣ್ಣ ಹಚ್ಚಿ ಮಡಚುತ್ತಿದ್ದರು. ಕೈಯ ಅಭ್ಯಾಸ ಅಷ್ಟು ಬೇಗ ಹೋಗುವುದಿಲ್ಲ. ಸಂಜೆ ಅವರದೂ ಇದೇ ತವರಿನ ಗಲಾಟೆ. ಮರೆವಿನ ಕಾಯಿಲೆಯವರಿಗೆ ಹೊತ್ತು ಮುಳುಗುವಾಗ ಗೊಂದಲ ಜಾಸ್ತಿ. "ನಿನ್ನ ತವರಲ್ಲಿ ಈಗ ಯಾರಿದ್ದಾರೆ?" ಅಂದರೆ ಅಳುತ್ತಿದ್ದರು. ಸೊಸೆ ಒಂದು ದಾರಿ ಕಂಡುಕೊಂಡರು. ಕತ್ತಲಾಗುವ ಮೊದಲೇ ಜಗಲಿಯ ದೀಪ ಹಾಕಿ, ಕವಳದ ತಟ್ಟೆ ತಂದಿಟ್ಟು, ತವರಿನ ತೋಟದ ಸುದ್ದಿ ಕೇಳುತ್ತಾ ಕೂರುತ್ತಿದ್ದರು. ಎಲ್ಲ ದಿನವೂ ಫಲ ಕೊಡುತ್ತಿತ್ತು ಅಂತ ಹೇಳಲಾರೆ, ಆದರೆ ಅಳು ಕಡಿಮೆಯಾಯಿತು. ನೀವೂ ಮಾಡಿ ನೋಡಿ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ನಿನ್ನೆಯವರೆಗೆ ಸರಿಯಿದ್ದವರು ಇವತ್ತು ಇದ್ದಕ್ಕಿದ್ದಂತೆ ಏನೇನೋ ಮಾತಾಡಿದರೆ, ಇಲ್ಲದವರು ಕಂಡರು ಅಂದರೆ, ಹಗಲೆಲ್ಲ ಮಂಪರಿನಲ್ಲಿದ್ದರೆ ಅದನ್ನು ಅರಳು ಮರಳು ಅಂತ ಬಿಡಬೇಡಿ. ಮೂತ್ರದ ಸೋಂಕು, ರಕ್ತದಲ್ಲಿ ಸೋಡಿಯಂ (ಉಪ್ಪಿನಂಶ) ಇಳಿಯುವುದು, ಹೊಸ ಮಾತ್ರೆ, ಬಿದ್ದು ತಲೆಗೆ ಪೆಟ್ಟಾಗಿರುವುದು, ಹೀಗೆ ಏನಾದರೂ ಇರಬಹುದು. ನಮ್ಮ ಕಡೆ, ಕಾಡಿನ ಉಣ್ಣೆ ಕಚ್ಚಿ ಬರುವ ಮಂಗನ ಕಾಯಿಲೆಯನ್ನೂ ಮರೆಯುವಂತಿಲ್ಲ. 1957ರಲ್ಲಿ ಅದು ಮೊದಲು ಕಂಡಿದ್ದೇ ಸೊರಬದ ಕ್ಯಾಸನೂರು ಕಾಡಿನಲ್ಲಿ, ಅಲ್ವಾ? ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಕೆಲವರಿಗೆ ಮತ್ತೆ ಜ್ವರ ಬರುತ್ತದೆ. ಆಗ ವಿಪರೀತ ತಲೆನೋವು, ನಡುಕ, ಬುದ್ಧಿಯ ಗೊಂದಲ ಕಾಣಿಸಬಹುದು. ದರಗು, ಸೌದೆ ಅಂತ ಕಾಡಿಗೆ ಹೋಗುವವರಾದರೆ ಡಾಕ್ಟರಿಗೆ ಅದನ್ನೂ ಹೇಳಿ. ಇಂಥದ್ದಕ್ಕೆಲ್ಲ ಅವತ್ತೇ ಆಸ್ಪತ್ರೆಗೆ ಹೋಗಬೇಕು. ನಾಳೆ ನೋಡೋಣ ಅನ್ನಬಾರದು.

ನಿಮ್ಮ ಅಜ್ಜಿಯದು ನಿಧಾನವಾಗಿ ಬಂದಿದ್ದು ಅನಿಸುತ್ತದೆ. ಆದರೂ ಒಮ್ಮೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅವರು ತೆಗೆದುಕೊಳ್ಳುವ ಮಾತ್ರೆಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿ. ಅದಕ್ಕೂ ಮೊದಲು ಯಾರ ಹತ್ತಿರವಾದರೂ ಮಾತಾಡಬೇಕು ಅನಿಸಿದರೆ 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಅದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಅಜ್ಜಿಯ ಎದುರು ಮಾತ್ರ ಅರಳು ಮರಳು ಅನ್ನಬೇಡಿ. ಎಷ್ಟೋ ಮರೆತರೂ, ತಮ್ಮನ್ನು ನೋಡಿ ನಕ್ಕಿದ್ದು ಅವರಿಗೆ ತಿಳಿಯುತ್ತದೆ. ನೆಂಟರು ಮತ್ತೆ ಅಂದರೆ, "ಮರೆವಿನ ತೊಂದರೆ ಇದೆ, ಡಾಕ್ಟರಿಗೆ ತೋರಿಸ್ತಾ ಇದೀವಿ" ಅಂತ ನೇರವಾಗಿ ಹೇಳಿ.