ಕುಂಟೆತ್ತಿಗೂ ಜೋಳ ನೀಡುವ ಹಬ್ಬ

ರೋಣ ತಾಲೂಕಿನ ನಿವೃತ್ತ ಮಾಸ್ತರರೊಬ್ಬರು ಬರೆದಿದ್ದಾರೆ: ‘ಜಗತ್ತಿನ ಹಬ್ಬಗಳ ಬಗ್ಗೆ ನಿಮ್ಮ ಕಳೆದ ಸಂಚಿಕೆಯ ಲೇಖನ ಓದಿದೆ. ಟೊಮೆಟೊ ಎರಚಾಡಿಯೇ ಸ್ಪೇನಿನ ಸಣ್ಣ ಊರೊಂದು ಜಗತ್ತಿಗೆಲ್ಲ ಗೊತ್ತಾಗಿದೆ. ಮುಂಗಾರಿನಲ್ಲಿ ಮಣ್ಣಿನ ಎತ್ತು ಮಾಡಿ ಪೂಜಿಸುವ ನಮ್ಮ ಮಣ್ಣೆತ್ತಿನ ಅಮಾವಾಸ್ಯೆ ತುಂಗಭದ್ರೆಯ ಆಚೆ ದಂಡೆಯವರಿಗೂ ಸರಿಯಾಗಿ ಗೊತ್ತಿಲ್ಲ. ಲಕ್ಕುಂಡಿ ಉತ್ಸವದ ಹಾಗೆ ಮಣ್ಣೆತ್ತಿನ ಉತ್ಸವವನ್ನೇ ಯಾಕೆ ಮಾಡಬಾರದು? ಮೂವತ್ತು ಅಡಿ ಎತ್ತರದ ಎತ್ತು, ವೇದಿಕೆ, ಸ್ಪರ್ಧೆ, ಬಹುಮಾನ. ಮನೆಯಲ್ಲಿ ಮಾಡಿದ ಎತ್ತುಗಳು ಸೀಳುತ್ತವೆ, ಕಾಲು ಮುರಿಯುತ್ತವೆ. ಮೊಮ್ಮಕ್ಕಳು ಪೇಟೆಯ ಬಣ್ಣದ ಎತ್ತೇ ಬೇಕು ಅನ್ನುತ್ತಾರೆ. ತಮ್ಮ ಅಭಿಪ್ರಾಯ ತಿಳಿಸಿ.’

ಮಾಸ್ತರರೇ, ನಿಮ್ಮ ಮಾತಿನಲ್ಲಿರುವ ನ್ಯಾಯವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಉತ್ಸವ ಆದರೆ ಕುಂಬಾರರ ಕೈಯಲ್ಲಿ ನಾಲ್ಕು ದುಡ್ಡು ಆಡೀತು, ಖಾನಾವಳಿ ತುಂಬೀತು. ಕೈಕೆಲಸದಿಂದ ಶುರುವಾದದ್ದು ಬೆಳೆದು ದೊಡ್ಡದಾದ ಉದಾಹರಣೆಯೂ ಇಲ್ಲದಿಲ್ಲ. ಜಪಾನಿನ ಸಪ್ಪೊರೊದಲ್ಲಿ 1950ರಲ್ಲಿ ಶಾಲೆಯ ಹುಡುಗರು ಓಡೋರಿ ಪಾರ್ಕಿನಲ್ಲಿ ಹಿಮದ ಆರು ಮೂರ್ತಿ ಮಾಡಿ ನಿಲ್ಲಿಸಿದರು. ಈಗ ಅಲ್ಲಿಗೆ ಫೆಬ್ರುವರಿಯಲ್ಲಿ ಲಕ್ಷಗಟ್ಟಲೆ ಜನ ಬರುತ್ತಾರೆ. ಲಕ್ಕುಂಡಿಗೂ ಉತ್ಸವ ಒಪ್ಪುತ್ತದೆ. ಕಲ್ಲಿನ ಗುಡಿ ತಾನಾಗಿ ಯಾರ ಮನೆಗೂ ಹೋಗುವುದಿಲ್ಲ, ಜನರೇ ಅದರ ಹತ್ತಿರ ಬರಬೇಕು.

ಮಣ್ಣೆತ್ತು ಹಾಗಲ್ಲ. ಅದು ಮನೆ ಮನೆಯಲ್ಲಿ ಹುಟ್ಟುವಂಥದ್ದು. ಅದನ್ನು ಮೈದಾನಕ್ಕೆ ಎಳೆದುಕೊಂಡು ಹೋದರೆ ಮನೆಯಲ್ಲಿ ಹುಟ್ಟುವುದು ನಿಲ್ಲುತ್ತದೆ. ನನ್ನ ತಕರಾರು ಇಷ್ಟೇ. ಆದರೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ನೀವು ಮಾದರಿಯಾಗಿ ಹಿಡಿದ ಸ್ಪೇನಿನ ಆ ಟೊಮೆಟೊ ಊರು, ಬುನ್ಯೋಲನ್ನೇ ನೋಡಿ. ವೇಲೆನ್ಸಿಯಾ ಪಟ್ಟಣದ ಹತ್ತಿರ ಸುಮಾರು ಒಂಬತ್ತು ಸಾವಿರ ಜನರಿರುವ ಊರು. 1945ರ ಸುಮಾರಿಗೆ ಹುಡುಗರ ಜಗಳದಿಂದ ಶುರುವಾದ ಆಟ, ಆಗಸ್ಟ್ ತಿಂಗಳ ಕೊನೆಯ ಬುಧವಾರ ಒಂದೇ ತಾಸು ನಡೆಯುತ್ತದೆ. ಜನ ಹೆಚ್ಚಾಗಿ ಸಂಭಾಳಿಸಲು ಆಗದೆ 2013ರಿಂದ ಟಿಕೇಟು ಇಟ್ಟರು, ಸುಮಾರು 20,000 ಜನರಿಗೆ ಮಿತಿ ಹಾಕಿದರು. ಎಸೆಯುವ ಟೊಮೆಟೊ ಹೊರಗಿನಿಂದ ಲಾರಿಯಲ್ಲಿ ಬರುತ್ತದೆ. ಯಾರಿಗೂ ಪೆಟ್ಟಾಗಬಾರದೆಂದು ಕೈಯಲ್ಲಿ ಹಿಚುಕಿ ಎಸೆಯಬೇಕೆಂಬ ನಿಯಮವಿದೆ. ಮೋಜು ಹೌದು, ನಾನು ಅಲ್ಲಗಳೆಯುವುದಿಲ್ಲ. ಆದರೆ ಅಲ್ಲಿಗೆ ಹೋದವನು ತನ್ನ ಕೈಯಿಂದ ಏನು ಮಾಡಿದ? ಹಿಚುಕಿದ, ಎಸೆದ, ಮೈ ತೊಳೆದುಕೊಂಡು ಬಂದ.

ಅದೇ ಬುನ್ಯೋಲಿನಿಂದ ನಲವತ್ತು ಕಿಲೋಮೀಟರಿನೊಳಗೆ, ವೇಲೆನ್ಸಿಯಾದಲ್ಲಿಯೇ, ‘ಫಾಯಸ್’ ಎಂಬ ಹಬ್ಬ ಇದೆ. ನೀವು ನೋಡಬೇಕಾದದ್ದು ಅದನ್ನು. ಮಾರ್ಚ್ 15ರಿಂದ 19ರವರೆಗೆ ಓಣಿ ಓಣಿಯಲ್ಲಿ ಕಟ್ಟಿಗೆ ಮತ್ತು ಕಾಗದದ ತಿರುಳಿನಿಂದ ಮಾಡಿದ ದೊಡ್ಡ ದೊಡ್ಡ ಗೊಂಬೆಗಳನ್ನು ನಿಲ್ಲಿಸಿ, ಕೊನೆಯ ರಾತ್ರಿ ಸುಡುತ್ತಾರೆ. 19ನೆಯ ತಾರೀಖು ಬಡಿಗರ ಸಂತನ ದಿನ. ಚಳಿಗಾಲ ಮುಗಿದಾಗ ಬಡಿಗರು ಅಂಗಡಿಯ ಹಳೇ ಕಟ್ಟಿಗೆಯನ್ನು ಬೀದಿಗೆ ತಂದು ಸುಡುತ್ತಿದ್ದರು, ಅದೇ ಬೆಳೆದು ಹೀಗಾಯಿತು ಎಂದು ಅಲ್ಲಿನವರು ಹೇಳುತ್ತಾರೆ. ಹುಬ್ಬಳ್ಳಿಯ ಕಾಮಣ್ಣನನ್ನು ಕಂಡವರಿಗೆ, ಹುಡುಗರು ಕುಳ್ಳು-ಕಟಗಿ ಕದ್ದು ಒಟ್ಟಿದ್ದನ್ನು ಕಂಡವರಿಗೆ, ಇದನ್ನು ಬಿಡಿಸಿ ಹೇಳಬೇಕಿಲ್ಲ. 1934ರಿಂದ ಅಲ್ಲಿ ಒಂದು ಪದ್ಧತಿ ಇದೆ: ಜನರ ಮತ ಹೆಚ್ಚು ಬಿದ್ದ ಗೊಂಬೆಯನ್ನು ಬೆಂಕಿಯಿಂದ ಉಳಿಸುತ್ತಾರೆ, ಉಳಿದದ್ದೆಲ್ಲ ಬೂದಿ. ಅಲ್ಲಿಗೂ ಪ್ರವಾಸಿಗಳು ಬರುತ್ತಾರೆ, ಯುನೆಸ್ಕೋ 2016ರಲ್ಲಿ ಪಟ್ಟಿಗೆ ಸೇರಿಸಿದೆ. ಆದರೂ ಹಬ್ಬ ಓಣಿಯವರ ಕೈಯಲ್ಲಿಯೇ ಇದೆ. ವರ್ಷಪೂರ್ತಿ ಓಣಿಯ ಕಮಿಟಿ ಪಟ್ಟಿ ಎತ್ತುತ್ತದೆ, ಗೊಂಬೆ ಮಾಡುವ ಕಸುಬುದಾರರಿಗೆ ಕೆಲಸ ಒಪ್ಪಿಸುತ್ತದೆ. ಅಲ್ಲಿಯೂ ಒಂದು ಕೇಡು ಹೊಕ್ಕಿದೆ. ಹಗುರ, ಸಸ್ತಾ ಎಂದು ಥರ್ಮಾಕೋಲಿನ ಗೊಂಬೆ ಬಂದವು, ಸುಟ್ಟಾಗ ಕಪ್ಪು ಹೊಗೆ ಊರನ್ನೆಲ್ಲ ಮುಚ್ಚತೊಡಗಿತು. ಈಗ ಕೆಲವರು ಮತ್ತೆ ಕಟ್ಟಿಗೆಯ ಪಟ್ಟಿಗೆ ತಿರುಗಿದ್ದಾರೆ.

ಮೆಕ್ಸಿಕೋದ ಮಾತು ಇನ್ನೂ ಹತ್ತಿರದ್ದು. ನವೆಂಬರ್ 1 ಮತ್ತು 2ರಂದು ಅಲ್ಲಿ ಮನೆ ಮನೆಯಲ್ಲಿ ತೀರಿಕೊಂಡ ಹಿರಿಯರಿಗೆ ಎಡೆ ಇಡುತ್ತಾರೆ. ಫೋಟೋ, ನೀರು, ಉಪ್ಪು, ಆ ದಿನಕ್ಕಾಗಿಯೇ ಸುಟ್ಟ ರೊಟ್ಟಿ, ಬಾಗಿಲಿನಿಂದ ಎಡೆಯವರೆಗೆ ಚೆಂಡುಹೂವಿನ ದಾರಿ. ನಾವು ದೀಪಾವಳಿಗೆ ಸಗಣಿಯ ಹಟ್ಟೆವ್ವನ ಮುಂದೆ ಇಡುವ ಚೆಂಡುಹೂವಿನ ತವರುಮನೆಯೂ ಆ ದೇಶವೇ. 2015ರಲ್ಲಿ ಒಂದು ಜೇಮ್ಸ್ ಬಾಂಡ್ ಸಿನಿಮಾದವರು ಮೆಕ್ಸಿಕೋ ಸಿಟಿಯಲ್ಲಿ ಈ ಹಬ್ಬದ ಭಾರಿ ಮೆರವಣಿಗೆಯನ್ನು ತೋರಿಸಿದರು. ಅಂಥ ಮೆರವಣಿಗೆ ಆ ಊರಿನಲ್ಲಿ ಇರಲೇ ಇಲ್ಲ. ಸಿನಿಮಾ ನೋಡಿದ ಮಂದಿ ಬಂದು ಕೇಳಿಯಾರು ಎಂದು 2016ರಿಂದ ನಿಜವಾಗಿಯೂ ಶುರುಮಾಡಿದರು. ಪುಣ್ಯಕ್ಕೆ ಅಲ್ಲಿನ ಮನೆಗಳಲ್ಲಿ ಎಡೆ ಇಡುವುದು ನಿಂತಿಲ್ಲ, ಅದಕ್ಕೇ ಹಬ್ಬ ಉಳಿದಿದೆ. ನಮ್ಮಲ್ಲಿ ಮನೆಯೊಳಗಿನದು ಸಡಿಲಾಗುತ್ತಿರುವಾಗ ಮೆರವಣಿಗೆಯನ್ನು ಮೊದಲು ಹೊರಡಿಸಿದರೆ, ಆಮೇಲೆ ಉಳಿಯುವುದು ಮೆರವಣಿಗೆ ಒಂದೇ.

ಇನ್ನು ನಿಮ್ಮ ಎತ್ತು ಯಾಕೆ ಸೀಳುತ್ತವೆ ಎನ್ನುವುದಕ್ಕೆ ಬರೋಣ. ಪತ್ರದಲ್ಲಿ ಅದನ್ನು ಹಾರಿಸಿಕೊಂಡು ಬರೆದಿದ್ದೀರಿ, ನನಗೆ ಮುಖ್ಯವಾಗಿ ಕಂಡದ್ದು ಅದೇ.

ರೋಣದ ಕಡೆ ಎರಿಮಣ್ಣು. ಎರಿಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬ್ಯಾಸಗಿಯಲ್ಲಿ ಹೊಲದಲ್ಲಿ ಕೈ ಹೋಗುವಷ್ಟು ಬಾಯಿ ಬಿಡುತ್ತದಲ್ಲ, ಆ ಬಿರುಕೇ ನಿಮ್ಮ ಎತ್ತಿನ ಬೆನ್ನ ಮೇಲೆ ಬರುತ್ತದೆ. ಬರೀ ಎರಿಮಣ್ಣಿನಲ್ಲಿ ಮಾಡಿದರೆ ಎಂಥ ಕೈಯವರು ಮಾಡಿದರೂ ಸೀಳುವುದೇ. ಹುತ್ತದ ಮಣ್ಣೋ ಕೆರೆಯ ಮಣ್ಣೋ ಸಿಕ್ಕರೆ ಅರ್ಧಕ್ಕರ್ಧ ಕೂಡಿಸಿ. ಸಿಗದಿದ್ದರೆ ಮೂರು ಪಾಲು ಎರಿಮಣ್ಣಿಗೆ ಒಂದು ಪಾಲು ಸಾಣಿಗೆ ಹಿಡಿದ ಒಲೆಬೂದಿ ಅಥವಾ ಸಣ್ಣ ಉಸುಕು. ಅರ್ಧ ಗೇಣುದ್ದದ ಜೋಡಿ ಎತ್ತು, ಒಂದು ಗೋದಲಿಗೆ (ಎತ್ತಿನ ಮೇವಿನ ತೊಟ್ಟಿಗೆ) ಎರಡು ಕಿಲೋ ಒಣಮಣ್ಣು ಸಾಕು. ಹೆಂಟೆ ಒಡೆದು, ಬೇರು-ಹರಳು ಆರಿಸಿ, ಹಿಂದಿನ ರಾತ್ರಿಯೇ ನೆನೆಹಾಕಬೇಕು. ಮುಂಜಾನೆ ನೆನೆಹಾಕಿ ಮಧ್ಯಾಹ್ನ ಮಾಡಹೊರಟರೆ ಒಳಗೆ ನೆನೆಯದ ಹರಳು ಉಳಿದು ಅಲ್ಲಿಂದಲೇ ಒಡೆಯುತ್ತದೆ. ನಾದುವಾಗ ಒಂದು ಮುಷ್ಟಿ ಹಿಂಜಿದ ಅರಳೆ ಸೇರಿಸಿ. ಅರಳೆಯ ಎಳೆ ಮಣ್ಣನ್ನು ಹಿಡಿದಿಡುತ್ತದೆ.

ಹದ ತಿಳಿಯಲು ಹೆಬ್ಬೆರಳ ದಪ್ಪದ ಬತ್ತಿ ಹೊಸೆದು ಬೆರಳಿಗೆ ಸುತ್ತಿ ನೋಡಿ. ಸುತ್ತಿದಲ್ಲಿ ಸೀಳಿದರೆ ನೀರು ಚಿಮುಕಿಸಿ ಇನ್ನಷ್ಟು ನಾದಬೇಕು, ಅಂಗೈಗೆ ಅಂಟಿದರೆ ಬೂದಿ ಬೇಕು. ಕಾಲು ಮುರಿಯುವುದಕ್ಕೆ ಕಾರಣ ಎರಡು. ಒಂದು, ಕಾಲನ್ನು ಬೇರೆ ಮಾಡಿ ಒಣಗಲಾರಂಭಿಸಿದ ಮೈಗೆ ಬರೀ ಒತ್ತಿ ಅಂಟಿಸುವುದು. ಹಾಗೆ ಮಾಡದೆ ಎರಡೂ ಕಡೆ ಕಡ್ಡಿಯಿಂದ ಗೀರಿ, ಅದೇ ಮಣ್ಣಿನ ರಾಡಿ ಸವರಿ ಕೂಡಿಸಿ, ಸಂದನ್ನು ಬೆರಳಿನಿಂದ ತಿಕ್ಕಿ ಮುಚ್ಚಿ. ಎರಡನೆಯದು, ಮೈ ದಪ್ಪ, ಕಾಲು ತೆಳ್ಳಗೆ. ಕಾಲು ಹೆಬ್ಬೆರಳಿಗಿಂತ ಸಣ್ಣದಿರಬಾರದು, ನಾಲ್ಕೂ ಕಾಲು ಒಂದು ಮಣ್ಣಿನ ಹಲಗೆಯ ಮೇಲೆ ಕೂತಿರಬೇಕು. ಕೋಡಿನೊಳಗೆ ಕಸಬರಿಗೆ ಕಡ್ಡಿ ಇಟ್ಟು ಮಣ್ಣು ಮೆತ್ತುವವರು ಬಹಳ. ಮಣ್ಣು ಕುಗ್ಗುತ್ತದೆ, ಕಡ್ಡಿ ಕುಗ್ಗುವುದಿಲ್ಲ, ಅದಕ್ಕೇ ಕೋಡು ಉದ್ದಕ್ಕೂ ಬಿಚ್ಚಿಕೊಳ್ಳುತ್ತದೆ. ಕಡ್ಡಿಗೆ ನೂಲು ಸುತ್ತಿ ಇಡಿ, ಇಲ್ಲವೇ ಕಡ್ಡಿಯನ್ನೇ ಬಿಡಿ. ಇಣಿಯನ್ನು, ಅಂದರೆ ಹೆಗಲ ಮೇಲಿನ ಡುಬ್ಬವನ್ನು, ಕೊನೆಗೆ ಇಟ್ಟು ಮುಂದಕ್ಕೆ ಸ್ವಲ್ಪ ಬಾಗಿಸಿದರೆ ಎತ್ತಿಗೆ ಜೀವ ಬರುತ್ತದೆ. ಕಣ್ಣಿಗೆ ಗುಲಗಂಜಿ ಇಡುವುದು ಹಳೇ ರೂಢಿ, ಚೆಂದವೂ ಹೌದು. ಆದರೆ ಗುಲಗಂಜಿ ಜಗಿದು ನುಂಗಿದರೆ ವಿಷ. ಸಣ್ಣ ಮಕ್ಕಳಿರುವ ಮನೆಯಲ್ಲಿ ಬಿಳಿಜೋಳದ ಕಾಳು ಇಡಿ.

ಮೊದಲ ರಾತ್ರಿ ಹಸಿ ಅರಿವೆ ಮುಚ್ಚಿಡಬೇಕು. ಆಮೇಲೆ ಮೂರು ದಿನ ನೆರಳಲ್ಲಿ, ಗಾಳಿ ನೇರ ಬಡಿಯದ ಮೂಲೆಯಲ್ಲಿ. ಬಿಸಿಲಿಗಿಟ್ಟರೆ, ಫ್ಯಾನಿನ ಕೆಳಗಿಟ್ಟರೆ, ಹೊರಮೈ ಮೊದಲು ಒಣಗಿ ಕುಗ್ಗುತ್ತದೆ, ಒಳಗಿನ ಹಸಿ ಹಾಗೇ ಇರುತ್ತದೆ, ನಡುವೆ ಜಗ್ಗಾಟ ಹುಟ್ಟಿ ಸೀಳುತ್ತದೆ. ಪೂರ್ತಿ ಒಣಗಿದ ಮೇಲೆ ಸುಣ್ಣ, ಕೆಮ್ಮಣ್ಣು. ಅಮಾವಾಸ್ಯೆಯ ಮುನ್ನಾದಿನ ಮಣ್ಣು ಕಲಸಲು ಕೂತರೆ ಇದು ಯಾವುದೂ ಆಗುವುದಿಲ್ಲ. ಕಾರಹುಣ್ಣಿಮೆಗೆ ನಿಜವಾದ ಎತ್ತಿನ ಮೈತೊಳೆದು, ಕೋಡಿಗೆ ಬಣ್ಣ ಹಚ್ಚಿ, ಎತ್ತು ಓಡಿಸಿ ಅಡ್ಡ ಕಟ್ಟಿದ ಕರಿ ಹರಿದು, ಅಲ್ಲಿಂದ ಹದಿನೈದು ದಿನಕ್ಕೆ ಮಣ್ಣೆತ್ತು. ಆ ಹದಿನೈದು ದಿನ ಇರುವುದು ಇದಕ್ಕೇ.

ಪೇಟೆಯ ಬಣ್ಣದ ಎತ್ತು ಸೀಳುವುದಿಲ್ಲ, ನಿಜ. ಅದು ಪ್ಲಾಸ್ಟರ್ ಆಫ್ ಪ್ಯಾರಿಸ್. ಪುಡಿಗೆ ನೀರು ಕೂಡಿದರೆ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗಿ ಜಿಪ್ಸಮ್ ಆಗುತ್ತದೆ, ಮುಂದೆ ಹಳ್ಳಕ್ಕೆ ಹಾಕಿದರೂ ಬಾವಿಗೆ ಹಾಕಿದರೂ ಮಣ್ಣಿನಂತೆ ಕರಗಿ ಮಣ್ಣಾಗುವುದಿಲ್ಲ. 2020ರ ಮೇ ತಿಂಗಳಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಮೂರ್ತಿಗಳಿಗೆ ಪ್ಲಾಸ್ಟರ್ ಬೇಡ ಎಂದು ಮಾರ್ಗಸೂಚಿ ಹೊರಡಿಸಿದೆ. ಜನ ಅದನ್ನು ಗಣಪತಿಗಷ್ಟೇ ಎಂದುಕೊಂಡಿದ್ದಾರೆ, ಸಣ್ಣ ಎತ್ತಿನ ಕಡೆ ಯಾರೂ ಕಣ್ಣು ಹಾಯಿಸುವುದಿಲ್ಲ.

ನಮ್ಮ ಕಡೆ ವರ್ಷಕ್ಕೆ ಐದು ಸಲ ಮಣ್ಣಿನ ಪೂಜೆ. ಜ್ಯೇಷ್ಠದಲ್ಲಿ ಎತ್ತು, ಆಷಾಢದ ಮಂಗಳವಾರ ಗುಳ್ಳವ್ವ, ಶ್ರಾವಣದಲ್ಲಿ ನಾಗಪ್ಪ, ಭಾದ್ರಪದದಲ್ಲಿ ಗಣಪ, ಆಶ್ವೀಜದ ಶೀಗಿ ಹುಣ್ಣಿಮೆಗೆ ಗೌರಿ. ನಡುವೆ ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಕೂತು ಮನೆ ಮನೆಗೆ ಬರುವ ಜೋಕುಮಾರ. ಮುಂಗಾರಿನಿಂದ ಹಿಂಗಾರಿನವರೆಗೆ ಮಣ್ಣು ಹಸಿಯಿರುವಷ್ಟು ಕಾಲವೂ ಮಣ್ಣಿನ ದೇವರು. ಇಷ್ಟಕ್ಕೆಲ್ಲ ಮಣ್ಣು ಎಲ್ಲಿಂದ ತರಬೇಕು? ಹುಬ್ಬಳ್ಳಿ-ಧಾರವಾಡದ ಸುತ್ತ ಹೊಲಗಳು ಲೇಔಟ್ ಆದವು, ಕೆರೆಯ ಅಂಚಿನವರೆಗೆ ಕಾಂಕ್ರೀಟ್ ಬಂತು. ಕುಂಬಾರರು ಕೆರೆಯ ಮಣ್ಣು ತೆಗೆದಷ್ಟೂ ಕೆರೆಗೆ ನೀರು ನಿಲ್ಲುವ ಜಾಗ ಹೆಚ್ಚುತ್ತಿತ್ತು. ಈಗ ಅವರಿಗೆ ಮಣ್ಣು ಕೊಡುವವರಿಲ್ಲ. ಉತ್ಸವಕ್ಕೆ ದುಡ್ಡು ಕೇಳುವ ಮೊದಲು, ಊರ ಕೆರೆಯ ಒಂದು ಮೂಲೆಯ ಮಣ್ಣು ಕುಂಬಾರರಿಗೆ ಎಂದು ಗ್ರಾಮಸಭೆಯಲ್ಲಿ ಠರಾವು ಮಾಡಿಸಿ. ಮಾಸ್ತರರು ಎದ್ದು ನಿಂತು ಕೇಳಿದರೆ ಇಲ್ಲ ಅನ್ನುವವರು ಕಡಿಮೆ.

ಪಂಚಮಿ ಉಂಡಿಯದೂ ಇದೇ ಗೋಳು. ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟು ಎಲ್ಲ ಪಾಕೀಟಿನಲ್ಲಿ ಬಂದು ಕೂತಿವೆ. ಬೆಲ್ಲದ ಪಾಕದ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು, ಉರುಳಿಸಿದರೆ ಗೋಲಿಯಾಗುತ್ತದೋ ಎಂದು ನೋಡುವುದನ್ನು, ಗೋಲಿಯಾಗದಿದ್ದರೆ ಉಂಡಿ ಉದುರುತ್ತದೆ, ಟಣ್ ಅಂದರೆ ಹಲ್ಲಿಗೆ ಕಲ್ಲಾಗುತ್ತದೆ ಎನ್ನುವುದನ್ನು ಯಾವ ಪಾಕೀಟಿನ ಮೇಲೂ ಬರೆದಿರುವುದಿಲ್ಲ. ಇರಾನಿನವರು ತಮ್ಮ ಹೊಸ ವರ್ಷದ ನೌರೂಜ್ ಹಬ್ಬಕ್ಕೆ ಎರಡು ವಾರ ಮೊದಲೇ ತಟ್ಟೆಯಲ್ಲಿ ಗೋಧಿಯನ್ನೋ ಮಸೂರವನ್ನೋ ಮೊಳಕೆಗೆ ಹಾಕುತ್ತಾರೆ, ಹದಿಮೂರನೆಯ ದಿನ ಹರಿಯುವ ನೀರಿಗೆ ಬಿಡುತ್ತಾರೆ. ನಮ್ಮ ನವರಾತ್ರಿಯ ಘಟದ ಸಸಿಯ ಅಕ್ಕ-ತಂಗಿ ಅದು. ಇಂಡೋನೇಷ್ಯಾದ ಬಾಲಿಯಲ್ಲಿ ನ್ಯೇಪಿ ಎಂಬ ಮೌನದ ಹಬ್ಬದ ಹಿಂದಿನ ಸಂಜೆ ಓಣಿಯ ಹುಡುಗರು ತಾವೇ ಕಟ್ಟಿದ ರಾಕ್ಷಸ ಗೊಂಬೆಗಳನ್ನು ಗದ್ದಲದಿಂದ ಮೆರೆಸುತ್ತಾರೆ. ಮರುದಿನ ಇಡೀ ದ್ವೀಪ ಮೌನ, 24 ತಾಸು ವಿಮಾನ ನಿಲ್ದಾಣವೂ ಬಂದ್. ನಮ್ಮಲ್ಲಿ ಹಲಗೆ ಬಡಿಯುವ ಕೈ ಸುಮ್ಮನೆ ಕೂತು, ಬಾಡಿಗೆಯ ಡೀಜೆ ಕಿಟಕಿಯ ಗಾಜು ನಡುಗಿಸುತ್ತಿದೆ. ಹಲಗೆಯನ್ನು ಕುಳ್ಳಿನ ಬೆಂಕಿಗೆ ಹಿಡಿದು ಕಾಸಿ ಚರ್ಮ ಬಿಗಿ ಮಾಡಿಕೊಳ್ಳುವುದು ಇವತ್ತಿನ ಎಷ್ಟು ಹುಡುಗರಿಗೆ ಗೊತ್ತು?

ನಿಮ್ಮ ಸ್ಪರ್ಧೆಗೆ ತಿರುಗಿ ಬರುತ್ತೇನೆ. ಬಹುಮಾನ ಇಟ್ಟರೆ ಮೊದಲು ಹೊರಬೀಳುವುದು ಕಾಲು ಮುರಿದ ಎತ್ತು. ನಮ್ಮ ಹಬ್ಬದಲ್ಲಿ ಆ ಎತ್ತಿಗೂ ಪಾಲಿದೆ, ಮಾಸ್ತರರೇ, ನೀವು ಬಲ್ಲಿರಿ. ಅಮಾವಾಸ್ಯೆಯ ಮರುದಿನ ಹುಡುಗರು ಅದನ್ನೇ ಮಣೆಯ ಮೇಲಿಟ್ಟುಕೊಂಡು, ಎಂಟೆತ್ತಿನ್ಯಾಗ ಒಂದು ಕುಂಟೆತ್ತು ಬಂದೈತಿ ಎಂದು ಕೂಗುತ್ತ ಓಣಿ ತಿರುಗುತ್ತಾರೆ. ಅವ್ವಂದಿರು ಬಂದು ಬೊಗಸೆ ಜೋಳ ನೀಡುತ್ತಾರೆ. ನಿಮ್ಮ ಮೊಮ್ಮಕ್ಕಳಿಗೆ ಇದನ್ನು ಯಾರಾದರೂ ಹೇಳಿದ್ದಾರೆಯೇ? ಕಾಲು ಮುರಿದದ್ದಕ್ಕೆ ನಾಚಿಕೊಳ್ಳುವ ಹುಡುಗ, ಆ ಎತ್ತೇ ತನಗೆ ಬೇಕೆಂದು ತಮ್ಮನ ಜೊತೆ ಜಗಳಾಡಿಯಾನು.

ಮುಂದಿನ ಕಾರಹುಣ್ಣಿಮೆ ಮುಗಿದ ವಾರಕ್ಕೆ ಮಣ್ಣು ನೆನೆಹಾಕಿ. ಮೊಮ್ಮಕ್ಕಳನ್ನು ಕೂಡಿಸಿಕೊಂಡು ಮೂರು ಎತ್ತು ಮಾಡಿ: ಎರಡು ಪೂಜೆಗೆ, ಒಂದು ಅವರ ಕೈಗೆ. ಮೂರೂ ಗಟ್ಟಿಯಾಗಿ ನಿಂತರೆ ಒಂದರ ಕಾಲನ್ನು ನೀವೇ ಮುರಿದು ಓಣಿಗೆ ಕಳಿಸಿ. ಜೋಳ ಎಷ್ಟು ಸೇರು ಬಂತು ಎಂದು ಬರೆದು ತಿಳಿಸಿ, ಪತ್ರವನ್ನು ಇದೇ ಪುಟದಲ್ಲಿ ಹಾಕುತ್ತೇವೆ.

— ಸಂಪಾದಕ